ಹೊರೆ ಎತ್ತಿಕೊಟ್ಟವಳು

ಶಿವಲಿಂಗಮ್ಮ ಜಿಮ್ಮಿಗೆ ಸೇರಿದ ಮೊದಲ ದಿನ ಮಾಡಿದ ತಪ್ಪನ್ನು ಕನಕಪುರದ ಆ ಜಿಮ್ಮಿನವರು ಇವತ್ತಿಗೂ ನೆನೆಸಿಕೊಂಡು ನಗುತ್ತಾರೆ. ನಗಲಿ ಬಿಡಿ, ನಗುವಂಥದ್ದೇ. ಅಲ್ಲಿ ಕಲಿಸುವ ಶೋಯೆಬ್ ಎರಡು ಸಿಮೆಂಟು ಇಟ್ಟಿಗೆಯ ಮೇಲೆ ಕಬ್ಬಿಣದ ರಾಡು ಇಟ್ಟಿದ್ದ. ಈ ಹೆಂಗಸಿನ ತೋಳು ನೋಡಿದರೆ ಖಾಲಿ ರಾಡು ಕೊಡುವುದು ಅವಮಾನವಾದೀತು ಅಂದುಕೊಂಡು ಎರಡು ಪ್ಲೇಟು ಸೇರಿಸಿ ಮೂವತ್ತು ಕೆಜಿ ಮಾಡಿದ್ದ. "ಎತ್ತಿ ಅಮ್ಮ" ಅಂದ. ನಲವತ್ತೇಳು ವರ್ಷದ ಶಿವಲಿಂಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ರಾಡಿನ ಮುಂದೆ ಕಾಲೂರಿ, ಕತ್ತು ನೆಟ್ಟಗೆ ಮಾಡಿ ನಿಂತಳು. ನಿಂತೇ ಇದ್ದಳು.

"ಎತ್ತಿ ಅಮ್ಮ," ಶೋಯೆಬ್ ಇನ್ನೊಮ್ಮೆ ಅಂದ.

"ನೀನು ಎತ್ತಿಕೊಡಪ್ಪ, ಹೊತ್ಕೊತೀನಿ. ಎಲ್ಲಿಗಂಟ ಹೋಗ್ಬೇಕು ಯೋಳು."

"ಎಲ್ಲಿಗೂ ಹೋಗೋದಿಲ್ಲ ಅಮ್ಮ. ಎತ್ತೋದೇ ಕೆಲಸ."

"ಎತ್ಬುಟ್ಟು?"

"ಅಲ್ಲೇ ಇಳಿಸೋದು."

"ಇಳಿಸ್ಬುಟ್ಟು?"

"ತಿರುಗಾ ಎತ್ತೋದು."

ಶಿವಲಿಂಗಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. ನೋಡಲು ಬುದ್ಧಿವಂತನ ಹಾಗೇ ಇದ್ದ. ಸರಿ, ಇದೇನೋ ಇವರ ಪದ್ಧತಿ ಇರಬೇಕು ಎಂದು ಬಗ್ಗಿ ರಾಡಿಗೆ ಕೈ ಹಾಕಿದಳು. ಅದು ಮೊಣಕಾಲಿನ ತನಕ ಬಂತು, ಅಲ್ಲಿ ಸೊಂಟ ಹಿಡಿದುಕೊಂಡಿತು, ರಾಡು ದಡಾರನೆ ಕೆಳಗೆ ಬಿತ್ತು. ತಲೆಯ ಮೇಲೆ ನಲವತ್ತು ಕೆಜಿ ಸೊಪ್ಪು ಹೊತ್ತು ಮೂರು ಫರ್ಲಾಂಗು ನಡೆಯುವವಳು ತಾನು, ಮೂವತ್ತು ಕೆಜಿ ನೆಲ ಬಿಟ್ಟು ಏಳುತ್ತಿಲ್ಲವಲ್ಲ ಎಂದು ಅವಳಿಗೇ ದಿಗಿಲಾಯಿತು.

ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಸಾತನೂರು ರಸ್ತೆಯಲ್ಲಿ, ಕನಕಪುರಕ್ಕೆ ಐದಾರು ಕಿಲೋಮೀಟರ್ ದೂರದ ಹಳ್ಳಿಗೆ ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದವಳು ಅವಳು. ಆ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಹುಳ ಇರುವಷ್ಟು ದಿನವೂ ಹೊಲದಿಂದ ಬೆಳಗ್ಗೆ ಆಳಿಗೊಂದು, ಸಂಜೆ ಆಳಿಗೊಂದು ಸೊಪ್ಪಿನ ಹೊರೆ ಬರಲೇಬೇಕು. ಹೊರೆ ಹೊರುವವಳು ಅದನ್ನು ತಾನೊಬ್ಬಳೇ ತಲೆಗೆ ಏರಿಸುವುದಿಲ್ಲ. ಇನ್ನೊಬ್ಬರು ಕೈ ಹಾಕಬೇಕು, ಇಬ್ಬರೂ ಒಂದೊಂದು ಕಡೆ ಹಿಡಿದು ಎತ್ತಬೇಕು. ಜೊತೆಗೆ ಯಾರೂ ಇಲ್ಲದಿದ್ದರೆ ದಾರಿಯಲ್ಲಿ ಹೋಗುವವರನ್ನು "ಒಸಿ ಎತ್ತಾಕ್ಬನ್ನಿ" ಎಂದು ಕರೆಯಬಹುದು. ಎಂಥ ಅವಸರದಲ್ಲಿದ್ದವರೂ ಇಲ್ಲ ಅನ್ನುವುದಿಲ್ಲ.

ಶಿವಲಿಂಗಮ್ಮನಿಗೆ ಮಾತ್ರ ಒಂದು ಕಡೆ ಹಿಡಿಯುವ ಕೆಲಸವೂ ಇರಲಿಲ್ಲ. ಬಂದ ವರ್ಷವೇ ಬಸುರಿಯಾದಳು. ಅತ್ತೆ ಚಿಕ್ಕತಾಯಮ್ಮ, "ನೀ ಬಗ್ಗಬ್ಯಾಡ ಕಣವ್ವ, ನೆಟ್ಟಗೆ ನಿಂತ್ಕೊ ಸಾಕು" ಅಂದಳು. ಹೊರೆಯನ್ನು ಒಬ್ಬಳೇ ನೆಲದಿಂದ ತೊಡೆಗೆ ತಂದು, ತೊಡೆಯಿಂದ ಎದೆಗೆ ಏರಿಸಿ, ಎದೆಯಿಂದ ಸೊಸೆಯ ತಲೆ ಮೇಲಿನ ಸಿಂಬಿಗೆ ಇಟ್ಟಳು. ಇಟ್ಟವಳು ತಕ್ಷಣ ಕೈ ತೆಗೆಯಲಿಲ್ಲ. "ಕುಂತ್ಕೊತಾ?" ಎಂದು ಕೇಳಿದಳು. ಸೊಸೆ ಒಸಿ ಕತ್ತಾಡಿಸಿ ನೋಡಿ, "ಕುಂತ್ಕೊತು, ಬುಡು" ಅಂದ ಮೇಲೇ ಕೈ ಬಿಟ್ಟಳು. ಮಗು ಹುಟ್ಟಿತು, ಬೆಳೆಯಿತು, ಮದುವೆಯಾಗಿ ಮಾಗಡಿಗೆ ಹೋಯಿತು. ಬಸುರಿಯ ಉಪಚಾರ ಮಾತ್ರ ನಿಲ್ಲಲಿಲ್ಲ. ಇಪ್ಪತ್ತೇಳು ವರ್ಷ ದಿನಕ್ಕೆರಡು ಸಲ "ಕುಂತ್ಕೊತಾ", "ಕುಂತ್ಕೊತು, ಬುಡು". ಅತ್ತೆ ಸೊಸೆ ಸಣ್ಣಪುಟ್ಟದ್ದಕ್ಕೆ ಜಗಳವಾಡಿ ವಾರಗಟ್ಟಲೆ ಮಾತು ಬಿಟ್ಟಾಗಲೂ ಈ ಎರಡು ಮಾತು ಬಿಡುವಂತಿರಲಿಲ್ಲ, ಹೊರೆ ಬೀಳುತ್ತಿತ್ತು.

ಹೋದ ವರ್ಷ ಚಿಕ್ಕತಾಯಮ್ಮ ಹೊಸಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು, ಮೂಳೆ ಕೂಡಿತು, ಕಾಲಿಗೆ ಶಕ್ತಿ ಬರಲಿಲ್ಲ. ಯಾರಾದರೂ ಎತ್ತಿ ಕೂರಿಸಿದರೆ ಕುರ್ಚಿಯಲ್ಲಿ ಗಂಟೆಗಟ್ಟಲೆ ಕೂರುತ್ತಾಳೆ. ಎತ್ತುವವರು ಬೇಕಲ್ಲ. ಅವಳ ಮಗ, ಶಿವಲಿಂಗಮ್ಮನ ಗಂಡ ನಾಗರಾಜು ಹಾರೋಹಳ್ಳಿಯ ಫ್ಯಾಕ್ಟರಿಗೆ ಆರರ ಬಸ್ಸಿಗೆ ಹೋದರೆ ಮನೆ ಸೇರುವುದು ಸಂಜೆ ಏಳೂವರೆಗೆ. ಅಕ್ಕಪಕ್ಕದವರು ಒಂದು ದಿನ ಬಂದಾರು, ಎರಡು ದಿನ ಬಂದಾರು. ಬಚ್ಚಲಿಗೆ ಹೋಗಲಿಕ್ಕೂ ಊರವರನ್ನು ಕರೆಯಬೇಕೆಂದರೆ ಆ ಮುದುಕಿ ನಾಚಿಕೆಯಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಹುಳದ ಮನೆಯಲ್ಲಿ ಕೂತು ಹುಳ ಸೊಪ್ಪು ಮೇಯುವ ಸದ್ದು ಕೇಳಬೇಕು ಅನ್ನುವುದೊಂದೇ ಅವಳ ಆಸೆ. ಅದು ಮಂಚದಿಂದ ಇಪ್ಪತ್ತು ಹೆಜ್ಜೆ.

ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ ಶಿವಲಿಂಗಮ್ಮ ಧೈರ್ಯ ಮಾಡಿ ಅತ್ತೆಯನ್ನು ಎತ್ತಲು ಹೋದಳು. ನಲವತ್ತನಾಲ್ಕು ಕೆಜಿ ಮುದುಕಿ. ಅರ್ಧಕ್ಕೆ ಬಂದಾಗ ಸೊಂಟ ಕೈಕೊಟ್ಟಿತು, ಇಬ್ಬರೂ ನೆಲಕ್ಕೆ ಬಿದ್ದರು. ಪುಣ್ಯಕ್ಕೆ ಯಾರಿಗೂ ಏನೂ ಮುರಿಯಲಿಲ್ಲ. ಸುದ್ದಿ ಕೇಳಿ ಬೆಂಗಳೂರಿನಿಂದ ನಾದಿನಿ ಸೌಮ್ಯ ಓಡಿ ಬಂದಳು. ಚಿಕ್ಕತಾಯಮ್ಮನ ಕಡೆಯ ಮಗಳು, ಒಳ್ಳೆಯ ಹೆಣ್ಣು. "ಅತ್ತಿಗೆ, ನಿಮ್ ಸೊಂಟಾನೂ ಮುರಿದ್ರೆ ಯಾರು ನೋಡ್ತಾರೆ? ಯುಗಾದಿ ಹೊಸತೊಡಕಿಗೆ ಬತ್ತೀವಿ, ಅವತ್ತೇ ಅವ್ವನ್ನ ಕರ್ಕೊಂಡು ಹೋಯ್ತೀವಿ. ನಮ್ಮನೇಲಿ ನೋಡ್ಕೊಳ್ಳೋರನ್ನ ಇಟ್ಕೊತೀನಿ" ಅಂದಳು. ನಾಗರಾಜು ತಲೆ ಆಡಿಸಿದ. ಚಿಕ್ಕತಾಯಮ್ಮ ಗೋಡೆ ಕಡೆ ತಿರುಗಿ ಮಲಗಿದಳು.

ಬಿದ್ದು ನೊಂದ ಸೊಂಟ ತೋರಿಸಲು ಆಸ್ಪತ್ರೆಗೆ ಹೋದಾಗ ಅಲ್ಲಿ ವ್ಯಾಯಾಮ ಹೇಳಿಕೊಡುವ ಹೆಣ್ಣುಮಗಳು ಶಿವಲಿಂಗಮ್ಮನನ್ನು ಬಗ್ಗಿಸಿ, ಏಳಿಸಿ, "ಸೊಂಟಕ್ಕೇನೂ ಆಗಿಲ್ಲ. ನಿಮಗೆ ಹೊರೋದು ಗೊತ್ತು, ಎತ್ತೋದು ಗೊತ್ತಿಲ್ಲ. ಜಿಮ್ಮಿಗೆ ಹೋಗಿ ಕಲೀರಿ" ಅಂದಳು. ತಮಾಷೆಗೆ ಅಂದಳೋ ನಿಜಕ್ಕೆ ಅಂದಳೋ, ಶಿವಲಿಂಗಮ್ಮ ನಿಜವೆಂದೇ ತಿಳಿದಳು. ಯುಗಾದಿಗೆ ನಾಲ್ಕು ತಿಂಗಳಿತ್ತು. ಬೆಳಗಿನ ಸೊಪ್ಪು ಹಾಕಿ, ಪಕ್ಕದ ಮನೆ ಸೊಸೆ ಕವನಳನ್ನು ಅತ್ತೆಯ ಹತ್ತಿರ ಕೂರಿಸಿ, ಹತ್ತೂವರೆ ಬಸ್ಸು ಹತ್ತಿದಳು.

ಹೀಗೆ ಬಂದು ಮೊದಲ ದಿನವೇ ರಾಡು ಬೀಳಿಸಿದವಳ ಮುಂದೆ ಶೋಯೆಬ್ ಮೂರು ಹಾಳೆ ಹರಡಿದ. "ಹೊಸಬರಿಗೆ ಈ ಮೂರು ಪಟ್ಟಿ ಅಮ್ಮ. ಮೊದಲನೇದು ಮೆಷಿನ್. ಕೂತ್ಕೊಂಡು ಎಳೆಯೋದು, ತಳ್ಳೋದು, ಹತ್ತು ಥರ. ಎರಡನೇದು ವಾರಕ್ಕೆ ಆರು ದಿನ, ಒಂದು ದಿನ ತೋಳು, ಒಂದು ದಿನ ಕಾಲು, ಹಂಗೆ. ಮೂರನೇದು ವಾರಕ್ಕೆ ಮೂರೇ ದಿನ. ಐದೇ ವ್ಯಾಯಾಮ, ಇಡೀ ಮೈಗೆ. ಖಾಲಿ ರಾಡಿಂದ ಶುರು, ವಾರವಾರ ಒಸಿ ಒಸಿ ಜಾಸ್ತಿ."

ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಐಶ್ವರ್ಯ ಅನ್ನುವ ಕಾಲೇಜು ಮೇಡಂ, "ಮೆಷಿನ್ ತಗೊಳ್ಳಿ ಆಂಟಿ, ಸೇಫ್. ಆರು ತಿಂಗಳಿಗೆ ಹೊಟ್ಟೆ ಕರಗುತ್ತೆ" ಅಂದಳು. ಕನ್ನಡಿ ಮುಂದೆ ತೋಳು ಉಬ್ಬಿಸುತ್ತಿದ್ದ ಒಬ್ಬ, ಆರು ದಿನ ಬಂದರೇ ಕೆಲಸ ಬೇಗ ಎಂದ. ಶಿವಲಿಂಗಮ್ಮ ಎಲ್ಲರ ಮಾತೂ ಕೇಳಿಸಿಕೊಂಡಳು. ಹೊಟ್ಟೆ ಕರಗಿಸಲು ಅವಳಿಗೆ ಹೊಟ್ಟೆಯೇ ಇರಲಿಲ್ಲ.

"ನೆಲದಿಂದ ಎತ್ತೋದು ಯಾವುದ್ರಾಗೈತೆ?" ಎಂದು ಕೇಳಿದಳು.

"ಮೂರನೇದ್ರಲ್ಲಿ. ಆದ್ರೆ ಅದು ನಿಧಾನ ಅಮ್ಮ. ಒಂದು ದಿನ ಮಾಡಿದ್ರೆ ಒಂದು ದಿನ ಸುಮ್ನಿರಬೇಕು. ಸುಮ್ನಿದ್ದಾಗಲೇ ಮೈ ಬೆಳೆಯೋದು. ಇದು ಹೇಳಿದ್ರೆ ಯಾರೂ ನಂಬಲ್ಲ, ದಿನಾ ಬಂದು ಹಾಳಾಗ್ತಾರೆ."

"ಜ್ವರ ಅನ್ನು ಮತ್ತೆ."

"ಯಾರಿಗೆ ಜ್ವರ?"

"ಹುಳಕ್ಕೆ ಕಣಪ್ಪ. ತಿಂತಾ ತಿಂತಾ ಒಂದಿನ ತಲೆ ಎತ್ಕೊಂಡು ಸುಮ್ನೆ ಕುಂತ್ಕೊತದೆ. ಜ್ವರಕ್ಕೆ ಕುಂತೈತೆ ಅಂತೀವಿ. ಆಗ ಸೊಪ್ಪು ಇಕ್ಕಂಗಿಲ್ಲ, ಮುಟ್ಟಂಗಿಲ್ಲ. ಎದ್ಮೇಲೆ ನೋಡ್ಬೇಕು, ಹಳೇ ಚರ್ಮ ಕಳಚಿ ಬೇರೇನೇ ಆಗಿರ್ತದೆ. ನಾಕು ಜ್ವರ ಕಳದ್ರೇನೆ ಗೂಡು. ನಡುವೆ ಕೈ ಹಾಕ್ದೋರು ಬೆಳೆ ಕಳ್ಕೊತಾರೆ."

ಶೋಯೆಬ್ ಬೆರಗಾಗಿ ನಿಂತ. ಅವನ ಅಪ್ಪ ಇಸ್ರಾರ್ ರಾಮನಗರದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವವರು. ಹುಟ್ಟಿದಾಗಿನಿಂದ ಗೂಡಿನ ವಾಸನೆಯಲ್ಲೇ ಬೆಳೆದವನು ಅವನು, ಗೂಡಿನ ಒಳಗಿನ ಜೀವ ಹೇಗೆ ದೊಡ್ಡದಾಯಿತು ಎಂದು ಒಂದು ದಿನವೂ ಕೇಳಿರಲಿಲ್ಲ. ಇಪ್ಪತ್ತು ಜನಕ್ಕೆ ಹೇಳಿ ಹೇಳಿ ಸೋತ ವಿಷಯವನ್ನು ಈ ಹೆಂಗಸು ತನಗೇ ಬಿಡಿಸಿ ಹೇಳುತ್ತಿದ್ದಾಳೆ. ಮೂರನೇ ಹಾಳೆಯನ್ನು ಮಡಿಸಿ ಅವಳ ಕೈಗೆ ಕೊಟ್ಟ.

ಎರಡನೇ ದಿನ ಕಲಿಕೆ ಶುರುವಾಯಿತು. ಶೋಯೆಬ್ ಪಕ್ಕದಲ್ಲಿ ನಿಂತು ಒಂದೊಂದೇ ಹೇಳಿದ. "ಬೆನ್ನು ಬಗ್ಗಿಸ್ಬೇಡಿ, ಸೊಂಟ ಹಿಂದಕ್ಕೆ ತಳ್ಳಿ. ಎದೆ ಮುಂದೆ. ರಾಡು ಕಾಲು ಸವರ್ಕೊಂಡೇ ಬರ್ಬೇಕು. ಉಸಿರು ಹಿಡಿದು ಎತ್ತಿ, ನಿಂತ ಮೇಲೆ ಬಿಡಿ." ಶಿವಲಿಂಗಮ್ಮ ಹಾಗೇ ಮಾಡಿದಳು. ಖಾಲಿ ರಾಡು ಸಲೀಸಾಗಿ ಎದ್ದಿತು. ಇನ್ನೊಮ್ಮೆ ಬಗ್ಗುವಾಗ ಪಕ್ಕದ ಗೋಡೆಯ ಕನ್ನಡಿಯತ್ತ ಕಣ್ಣು ಹೋಯಿತು, ಅವಳು ಅರ್ಧಕ್ಕೇ ನಿಂತುಬಿಟ್ಟಳು.

ಕನ್ನಡಿಯಲ್ಲಿ ಇದ್ದದ್ದು ಅತ್ತೆ. ಮುಖ ತನ್ನದೇ, ನಿಲುವು ಅತ್ತೆಯದು. ಹೊಲದ ಬದುವಿನಲ್ಲಿ ಹೊರೆಗೆ ತಲೆಯೊಡ್ಡಿ ನಿಂತಾಗ ಅವಳು ಹಿಂದಕ್ಕೆ ತಿರುಗಿ ನೋಡುವಂತಿರಲಿಲ್ಲ. ಆದರೆ ಸಂಜೆ ಹೊತ್ತು ನೆಲದ ಮೇಲೆ ಅತ್ತೆಯ ನೆರಳು ಅವಳ ಮುಂದೆಯೇ ಬೀಳುತ್ತಿತ್ತು. ಸೊಂಟ ಹಿಂದಕ್ಕೆ, ಬೆನ್ನು ನೆಟ್ಟಗೆ, ಹೊರೆ ಕಾಲಿಗೆ ಒತ್ತಿ, ಉಸಿರು ಹಿಡಿದ ಒಂದು ಸಣ್ಣ ಸದ್ದು. ಇಪ್ಪತ್ತೇಳು ವರ್ಷ ನೋಡಿದ ನೆರಳು. ಇದನ್ನು ಕಲಿಯಲು ತಾನು ಬಸ್ಸು ಹತ್ತಿ ಬಂದಿದ್ದೇನೆ, ಆ ಹೆಂಗಸಿಗೆ ಯಾರು ಹೇಳಿಕೊಟ್ಟರು? ನಲವತ್ತು ಕೆಜಿ, ದಿನಕ್ಕೆ ಎರಡು ಸಲ. ಲೆಕ್ಕ ಹಾಕಲು ಹೋಗಿ ಶಿವಲಿಂಗಮ್ಮನಿಗೆ ಲೆಕ್ಕವೇ ತಪ್ಪಿತು.

ಸಂಜೆ ಅತ್ತೆಗೆ ಮುದ್ದೆ ಮುರಿದು ತಿನ್ನಿಸುತ್ತ ಕೇಳಿದಳು. "ಅತ್ತೆಮ್ಮ, ನಂಗೆ ನೀನು ಎತ್ತಿಕೊಡ್ತಿದ್ದೆ. ನಿನ್ ಹೊರೆ ಯಾರು ಎತ್ತಿಕೊಡೋರು?"

"ನಂಗ್ಯಾರು ಬತ್ತಾರವ್ವ. ನೀನು ಅಷ್ಟೊತ್ಗೆ ಅರ್ಧ ದಾರಿ ಹೋಗಿರ್ತಿದ್ದೆ. ಬಾವಿ ಕಟ್ಟೆ ಮ್ಯಾಕೆ ಏರಿಸ್ಕೊಂಡು, ಕೆಳಗೆ ತಲೆ ಕೊಟ್ಟು ಎದ್ಬುಡ್ತಿದ್ದೆ."

ಅಂದರೆ ದಿನಕ್ಕೆ ಎರಡಲ್ಲ, ನಾಲ್ಕು. ಶಿವಲಿಂಗಮ್ಮನ ಕೈ ತಟ್ಟೆಯಲ್ಲೇ ನಿಂತಿತು. ಮೂಲೆಯಲ್ಲಿ ಗುಬ್ಬಚ್ಚಿಯಂತೆ ಮಲಗಿದ ಈ ಜೀವದ ಜೊತೆ ಇಷ್ಟು ವರ್ಷ ಒಂದೇ ಒಲೆ ಮುಂದೆ ಕೂತಿದ್ದೇನೆ, ಉಪ್ಪು ಜಾಸ್ತಿ ಅಂದಳು ಎಂದು ಮುನಿಸಿಕೊಂಡಿದ್ದೇನೆ, ಇವಳು ಎಂಥವಳೆಂದು ನೋಡಲೇ ಇಲ್ಲವಲ್ಲ ಅನ್ನಿಸಿತು.

ಆಮೇಲೆ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಸೋಮವಾರ, ಬುಧವಾರ, ಶುಕ್ರವಾರ ಜಿಮ್ಮು, ಮಿಕ್ಕ ದಿನ ಜ್ವರ. ಜ್ವರದ ದಿನ ಬಿಂದಿಗೆಯನ್ನೂ ಕವನಳ ಕೈಲಿ ಎತ್ತಿಸುತ್ತಿದ್ದಳು. ಹತ್ತು ಹದಿನೈದಾಯಿತು, ಹದಿನೈದು ಇಪ್ಪತ್ತೈದಾಯಿತು. ಸಂಕ್ರಾಂತಿಗೆ ಮೂವತ್ತು. ಮೊದಲ ದಿನ ಕೈಕೊಟ್ಟ ಅದೇ ಮೂವತ್ತು, ಈಗ ಐದೈದು ಸಲ ಎದ್ದು ಇಳಿಯುತ್ತಿತ್ತು. ಶಿವರಾತ್ರಿಯ ಹೊತ್ತಿಗೆ ನಲವತ್ತೈದು ಕೆಜಿ ನೆಲ ಬಿಟ್ಟಿತು. ತನ್ನ ಮೈಯೊಳಗೆ ಇಷ್ಟು ದಿನ ಇದು ಎಲ್ಲಿ ಅಡಗಿತ್ತು ಎಂದು ಅವಳು ತನ್ನ ಅಂಗೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ನಲವತ್ತೈದಾಯಿತಲ್ಲ, ಅತ್ತೆ ನಲವತ್ತನಾಲ್ಕು. ಆ ಮಧ್ಯಾಹ್ನವೇ ಮನೆಗೆ ಬಂದು ಮಂಚದ ಬಳಿ ನಿಂತು, ಸೊಂಟ ಹಿಂದಕ್ಕೆ ತಳ್ಳಿ, ಅತ್ತೆಯ ಕಂಕುಳಿಗೂ ಮೊಣಕಾಲ ಕೆಳಗೂ ಕೈ ಹಾಕಿದಳು. ಜಪ್ಪಯ್ಯ ಅಂದರೂ ಏಳಲಿಲ್ಲ. ರಾಡಿಗೆ ಹಿಡಿ ಇದೆ, ಮನುಷ್ಯರಿಗಿಲ್ಲ. ಎತ್ತಿದ ಕಡೆ ಜಾರಿತು, ಹಿಡಿದ ಕಡೆ ಇಳಿಬಿತ್ತು. ಮೇಲಾಗಿ ಚಿಕ್ಕತಾಯಮ್ಮ ಕಣ್ಣು ಮುಚ್ಚಿ ಸೊಸೆಯ ಎದೆಗೆ ಕೈ ಕೊಟ್ಟು ಹಿಂದಕ್ಕೆ ತಳ್ಳುತ್ತಿದ್ದಳು.

"ಬ್ಯಾಡ ಕಣವ್ವ. ನಾನೆಂಗಿದ್ರೂ ಮುಗಿದೋಳು. ನಿನ್ ಸೊಂಟ ಮುರದ್ರೆ ನಂಗೆ ಸಾವೂ ಬರಾಕಿಲ್ಲ. ಸೌಮ್ಯನ ಮನೆಗೇ ಹೋಯ್ತೀನಿ, ಬುಟ್ಬುಡು."

ಮುದುಕಿಗೆ ತನ್ನ ಜೀವದ ಭಯವಲ್ಲ, ಸೊಸೆಯದು. ಶಿವಲಿಂಗಮ್ಮ ಹುಳದ ಮನೆಗೆ ಹೋಗಿ ಯಾರಿಗೂ ಕಾಣದಂತೆ ಅತ್ತಳು. ಯುಗಾದಿಗೆ ಒಂದು ತಿಂಗಳು ಉಳಿದಿತ್ತು.

ಮುಂದಿನ ಪಾಳಿಗೆ ಅವಳು ಜಿಮ್ಮಿಗೆ ಬಸ್ಸಿನಲ್ಲಿ ಬರಲಿಲ್ಲ, ಆಟೋದಲ್ಲಿ ಬಂದಳು. ಆಟೋದಿಂದ ಒಂದು ರಾಗಿ ಮೂಟೆ ಇಳಿಯಿತು. ತೂಕ ಹಾಕಿಸಿ ನಲವತ್ತನಾಲ್ಕು ಕೆಜಿಗೆ ಬಾಯಿ ಕಟ್ಟಿಸಿದ್ದಳು, ಅದೂ ಸಡಿಲವಾಗಿ, ರಾಗಿ ಒಳಗೆ ಓಡಾಡುವ ಹಾಗೆ. ಐಶ್ವರ್ಯ ಮೇಡಂ ಮೂಗಿನ ಮೇಲೆ ಬೆರಳಿಟ್ಟಳು. ಶೋಯೆಬ್ ಮೂಟೆ ನೋಡಿದ, ಅವಳ ಮುಖ ನೋಡಿದ. ಎಲ್ಲ ಕೇಳಿಕೊಂಡ ಮೇಲೆ, "ಇದು ನನ್ನ ಪಟ್ಟೀಲಿಲ್ಲ ಅಮ್ಮ, ನೀವೇ ಹೇಳ್ಬೇಕು" ಎಂದು ಅವಳು ಹೇಳಿದ ಹಾಗೆ ಮೂರನೇ ಹಾಳೆಯ ಕೆಳಗೆ ಪೆನ್ನಿನಲ್ಲಿ ಆರನೇ ವ್ಯಾಯಾಮ ಸೇರಿಸಿದ. ಮಂಚದ ಎತ್ತರದ ಬೆಂಚಿನಿಂದ ತೊಡೆಗೆ, ತೊಡೆಯಿಂದ ಎದೆಗೆ, ಎದೆಗೊತ್ತಿ ಇಪ್ಪತ್ತು ಹೆಜ್ಜೆ.

ಮೊದಲ ದಿನ ಮೂಟೆ ತೊಡೆ ದಾಟಲಿಲ್ಲ. ಎರಡನೇ ವಾರ ಎದೆಗೆ ಬಂತು. ಮೂರನೇ ವಾರ ಒಂದು ಶುಕ್ರವಾರ ಶಿವಲಿಂಗಮ್ಮ ಮೂಟೆಯನ್ನು ಎದೆಗವುಚಿ ಜಿಮ್ಮಿನ ಈ ಗೋಡೆಯಿಂದ ಆ ಗೋಡೆಗೆ ನಡೆದಳು. ಯಾರೋ ಹಾಡು ನಿಲ್ಲಿಸಿದರು. ಕನ್ನಡಿ ಮುಂದಿನವನು ತೋಳು ಇಳಿಸಿದ. ಎಲ್ಲರೂ ಅವಳ ಹೆಜ್ಜೆಯನ್ನೇ ನೋಡಿದರು. ಮೂಟೆ ಇಳಿಸಿದ ಮೇಲೆ ಶೋಯೆಬ್ ಹತ್ತಿರ ಬಂದು ಮೆಲ್ಲಗೆ, "ಅಮ್ಮ, ಒಂದು ಮಾತು. ಮೂಟೆ ನಿಮ್ಮನ್ನ ತಳ್ಳಲ್ಲ. ಅವರು ತಳ್ತಾರೆ. ಅದಕ್ಕೆ ನನ್ನ ಹತ್ರ ವ್ಯಾಯಾಮ ಇಲ್ಲ" ಅಂದ.

"ಗೊತ್ತು ಕಣಪ್ಪ," ಅಂದಳು ಶಿವಲಿಂಗಮ್ಮ.

ಯುಗಾದಿಯ ಮಾರನೆಯ ಹೊಸತೊಡಕಿನ ದಿನ ಸೌಮ್ಯ ಗಂಡನ ಜೊತೆ ಕಾರಿನಲ್ಲಿ ಬಂದಳು. ಬಾಡೂಟ ಆಯಿತು. ಅವ್ವನ ಸೀರೆ, ಮಾತ್ರೆ, ಎಲೆಅಡಿಕೆ ಚೀಲ ಎಲ್ಲ ಒಂದು ಬ್ಯಾಗಿನಲ್ಲಿ ಸೇರಿ ಕಾರಿನ ಡಿಕ್ಕಿಗೆ ಹೋಯಿತು. ಚಿಕ್ಕತಾಯಮ್ಮ ಹೊಸ ಸೀರೆಯುಟ್ಟು ಮಂಚದಲ್ಲಿ ಕಣ್ಣು ಮುಚ್ಚಿದ್ದಳು. ನಾಗರಾಜು ಪಂಚೆ ಎತ್ತಿಕಟ್ಟಿ ಅವ್ವನನ್ನು ಎತ್ತಿಕೊಳ್ಳಲು ಮುಂದೆ ಬಂದ.

"ನೀವು ಒಸಿ ಅತ್ಲಾಗ್ ನಿಂತ್ಕೊಳ್ಳಿ," ಅಂದಳು ಶಿವಲಿಂಗಮ್ಮ.

"ಲೇ, ಇವತ್ತೊಂದಿನ ರಗಳೆ ಮಾಡಬ್ಯಾಡ. ತಿರುಗಾ ಬಿದ್ದೀರಿ ಇಬ್ರೂವೆ."

ಅವಳು ಅವನ ಮಾತಿಗೆ ಕಿವಿ ಕೊಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮಂಚದ ಪಕ್ಕ ಕಾಲೂರಿ ನಿಂತಳು. ಕೈ ಹಾಕಲು ಹೋದರೆ ಅತ್ತೆಯ ಕೈ ತಳ್ಳಲು ಸಿದ್ಧವಾಗಿ ಎದೆಯ ಮೇಲೆ ಕೂತಿತ್ತು. ಶಿವಲಿಂಗಮ್ಮ ಕೈ ಹಾಕಲಿಲ್ಲ. ಹೊಲದ ಬದುವಿನಲ್ಲಿ ನಿಂತು ಕರೆಯುತ್ತಿದ್ದ ಅದೇ ದನಿಯಲ್ಲಿ ಕರೆದಳು.

"ಅತ್ತೆಮ್ಮ, ಹೊತ್ತಾಯ್ತು. ಹೊರೆ ಎತ್ತಿಕೊಡು ಬಾ."

ಇಪ್ಪತ್ತೇಳು ವರ್ಷ ಆ ಕರೆಗೆ ಇಲ್ಲ ಅನ್ನದ ಕೈಗಳು ಅವು. ಚಿಕ್ಕತಾಯಮ್ಮ ಕಣ್ಣು ಬಿಡುವ ಮೊದಲೇ ಎರಡೂ ಕೈ ಎದೆಯಿಂದೆದ್ದು ಸೊಸೆಯ ಹೆಗಲಿಗೆ ಬಂದವು, ಹೊರೆಯ ಹಗ್ಗ ಹಿಡಿಯುವಂತೆ ಬಿಗಿಯಾಗಿ ಹಿಡಿದವು. ಶಿವಲಿಂಗಮ್ಮ ಸೊಂಟ ಹಿಂದಕ್ಕೆ ತಳ್ಳಿ ಉಸಿರು ಹಿಡಿದಳು. ಮಂಚದಿಂದ ತೊಡೆಗೆ. ತೊಡೆಯಿಂದ ಎದೆಗೆ. ನೆಟ್ಟಗೆ ನಿಂತಳು. ಅವ್ವನ ಕಾಲು ನೆಲ ಬಿಟ್ಟು ತೂಗುವುದನ್ನು ನೋಡಿ ನಾಗರಾಜು ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟ.

ಮುದುಕಿ ಕಣ್ಣು ಬಿಟ್ಟಳು. ತಾನು ಎಲ್ಲಿದ್ದೇನೆಂದು ನೋಡಿದಳು, ಸೊಸೆಯ ಮುಖ ನೋಡಿದಳು.

"ಕುಂತ್ಕೊತಾ?" ಅಂದಳು.

"ಕುಂತ್ಕೊತು ಕಣತ್ತೆಮ್ಮ," ಅಂದಳು ಶಿವಲಿಂಗಮ್ಮ. "ಬುಡಬ್ಯಾಡ."

ಬಾಗಿಲು ದಾಟಿ, ಕಾರು ದಾಟಿ, ಹುಳದ ಮನೆ ಕಡೆಗೆ ನಡೆದಳು. ನಾಲ್ಕನೇ ಜ್ವರದಿಂದೆದ್ದ ಹುಳ ಒಳಗೆ ಸರಸರ ಮೇಯುತ್ತಿತ್ತು. ಸೌಮ್ಯ ಅವರಿಬ್ಬರು ಹೋದ ಕಡೆ ನೋಡಿದಳು. ಆಮೇಲೆ ಡಿಕ್ಕಿ ತೆಗೆದು, ಅವ್ವನ ಬ್ಯಾಗನ್ನು ತಾನೇ ಎತ್ತಿಕೊಂಡು ಒಳಗೆ ಹೋದಳು.